ಎದುರಿನ ಮೇಳ ಎಲ್ಲಿ ಹೋಯಿತು?

ಗೀಗೀ ಹಾಡಿಕೆ ಸತ್ತಿಲ್ಲ. ಶೌಚಾಲಯ ಕಟ್ಟಿಸಿರಿ, ತಪ್ಪದೆ ಮತ ಹಾಕಿರಿ ಎಂದು ಸರಕಾರಿ ವೇದಿಕೆಗಳ ಮೇಲೆ ಈಗಲೂ ಕೇಳಸಿಗುತ್ತದೆ. ದಪ್ಪು ಅದೇ, ತುಂತುಣಿ ಅದೇ, ಹಿಮ್ಮೇಳದವರು ಎತ್ತಿಕೊಳ್ಳುವ ‘ಗೀ ಗೀ’ ಕೂಡ ಅದೇ. ಇಲ್ಲವಾದದ್ದು ಎದುರಿನ ಮೇಳ. ಅದಿಲ್ಲದ ಗೀಗೀ ಕೇಳುವಾಗ ನನಗೆ ಹೊಟ್ಟೆಯಲ್ಲಿ ಸಂಕಟವಾಗುತ್ತದೆ.

ಶಾಸನಗಳಲ್ಲಿ ತೊರಗಲೆ ಆರುಸಾವಿರ ಎನಿಸಿಕೊಂಡ ನಾಡು ನಮ್ಮದು. ಇಲ್ಲಿ ಮಲಪ್ರಭೆಯ ಎರಡೂ ದಂಡೆಯ ಊರುಗಳಲ್ಲಿ ಜಾತ್ರೆಯ ತೇರು ಎಳೆದ ರಾತ್ರಿ ಎರಡು ಮೇಳ ಕರೆಸುವುದು ವಾಡಿಕೆಯಾಗಿತ್ತು. ಒಂದು ಹರದೇಶಿ, ಇನ್ನೊಂದು ನಾಗೇಶಿ. ಶಿವ ದೊಡ್ಡವ, ಗಂಡು ಹೆಚ್ಚು ಎಂದು ಹರದೇಶಿಯವರು. ಶಕ್ತಿ ದೊಡ್ಡವಳು, ಹೆಣ್ಣು ಹೆಚ್ಚು ಎಂದು ನಾಗೇಶಿಯವರು. ಮರಾಠಿ ಸೀಮೆಯ ಕಲ್ಗಿ-ತುರಾದಲ್ಲೂ ಇದೇ ಜಗಳ. ಊಟ ಮುಗಿಸಿ ಕಂಬಳಿ ಹೊದ್ದು ಕೂತರೆ ಬೆಳಗಿನ ಕೋಳಿ ಕೂಗುವವರೆಗೂ ಸವಾಲು-ಜವಾಬು.

ಪರಶುರಾಮನ ತಾಯಿ ಎಲ್ಲಮ್ಮನ ಗುಡ್ಡವಿರುವ ಸವದತ್ತಿಯ ಸೀಮೆಯಲ್ಲಿ ಈ ವಾದಕ್ಕೆ ಬೇರೆಲ್ಲೂ ಇಲ್ಲದ ಕಾವು. ಹರದೇಶಿಯವ ಪರಶುರಾಮನ ಕತೆ ತೆಗೆದನೆಂದರೆ ತೂಕಡಿಸುತ್ತಿದ್ದವರೂ ಎದ್ದು ಕೂಡುತ್ತಿದ್ದರು. ತಂದೆಯ ಮಾತಿಗೆ ಮಗ ತಾಯಿಯ ತಲೆ ಕಡಿದ. ತಂದೆ ಕೊಟ್ಟ ವರದಿಂದ ಆಕೆ ಮತ್ತೆ ಎದ್ದಳು. ಕೊಂದದ್ದೂ ಗಂಡು, ಉಳಿಸಿದ್ದೂ ಗಂಡು, ನಡುವೆ ಹೆಣ್ಣಿನದೇನು? ಕಟ್ಟೆಯ ಮೇಲಿನವರು ಹೋ ಎನ್ನುವರು. ನಾಗೇಶಿಯವಳಿಗೆ ಅವಸರವಿಲ್ಲ. ಸೆರಗು ಸರಿಮಾಡಿಕೊಂಡು ಅವನು ಹೇಳಿದ್ದನ್ನೆಲ್ಲ ಒಪ್ಪಿಕೊಳ್ಳುತ್ತ ಹೋಗುವಳು. ಹೌದಪಾ, ಮಗ ಕಡದಾನ. ಹೌದಪಾ, ತಂದಿ ಉಳಿಸ್ಯಾನ. ಗುಡ್ಡದ ಮ್ಯಾಲ ಜಮದಗ್ನಿಗೂ ಗುಡಿ ಐತಿ, ಪರಶುರಾಮಗೂ ಐತಿ. ಬನದ ಹುಣ್ಣಿವಿಗೆ ಚಕ್ಕಡಿ ಹೂಡಿಕೊಂಡು ಬಂದ ಮಂದಿ ‘ಉಧೋ ಉಧೋ’ ಅನ್ನೋದು ಯಾರ ಹೆಸರಿಗೆ? ಅಷ್ಟು ಕೇಳಿ ನಿಂತುಬಿಟ್ಟರೆ ಸಾಕು, ಉತ್ತರವನ್ನು ಮಂದಿಯೇ ಕೂಗುತ್ತಿದ್ದರು.

ಎದುರಾಳಿಯ ಮಾತನ್ನು ಮೊದಲು ಒಪ್ಪಿ, ಆ ಒಪ್ಪಿಗೆಯಿಂದಲೇ ಅವನನ್ನು ಕೆಡವುವ ಈ ಪಟ್ಟನ್ನು ರೋಮಿನ ಕ್ವಿಂಟಿಲಿಯನ್ ತನ್ನ ಹನ್ನೆರಡು ಸಂಪುಟಗಳ ವಾಗ್ಮಿತೆಯ ಗ್ರಂಥದಲ್ಲಿ ವಿವರಿಸಿದ್ದಾನೆ. ‘ಅದನ್ನ ನಾ ಹೇಳೂದಿಲ್ಲ’ ಎನ್ನುತ್ತಲೇ ಹೇಳಿಬಿಡುವ ಇನ್ನೊಂದು ಪಟ್ಟು ನಮ್ಮ ಹಾಡಿಕೆಯವರಿಗೆ ನೀರು ಕುಡಿದಷ್ಟು ಸುಲಭ, ಕ್ರಿ.ಪೂ. 63ರಲ್ಲಿ ಸಿಸಿರೊ ತನ್ನ ಎದುರಾಳಿ ಕ್ಯಾಟಿಲೈನನ ಸಾಲದ ಗೋಳನ್ನು ಸಭೆಯ ಮುಂದೆ ಎಳೆದದ್ದು ಹೀಗೆಯೇ. ಅಲ್ಲಿ ಶ್ರೀಮಂತರ ಮಕ್ಕಳು ದುಡ್ಡು ಕೊಟ್ಟು ಪಾಠಶಾಲೆಗಳಲ್ಲಿ ಕಲಿತ ವಿದ್ಯೆ ಇಲ್ಲಿ ಅಕ್ಷರ ಬಾರದವರ ನಾಲಿಗೆಯ ಮೇಲಿತ್ತು. ಶ್ರಾವಣದಲ್ಲಿ ಮಠದ ಪುರಾಣ, ನವರಾತ್ರಿಗೆ ಚಿದಾನಂದಾವಧೂತರ ದೇವೀಪುರಾಣ ಕೇಳಿ ಕೇಳಿ ಕಿವಿಯಲ್ಲಿ ಕೂಡಿಟ್ಟ ಸಂಪತ್ತು ಅದು. ಕತೆ ಗೊತ್ತಿದ್ದರೆ ಸಾಲದು. ಸವಾಲು ಬಂದ ಧಾಟಿಯಲ್ಲೇ, ಅದೇ ಪ್ರಾಸ ಹಿಡಿದು, ಹಿಮ್ಮೇಳದವರು ಒಂದು ಸುತ್ತು ಎಳೆದು ಮುಗಿಸುವುದರೊಳಗೆ ಜವಾಬು ಕಟ್ಟಬೇಕಿತ್ತು. ಹಿಮ್ಮೇಳದ ದೊಡ್ಡ ಉಪಕಾರವೇ ಅದು, ಯೋಚಿಸಲು ಕೊಡುವ ಬಿಡುವು.

ಕ್ರಿ.ಪೂ. 155ರಲ್ಲಿ ಅಥೆನ್ಸಿನಿಂದ ರಾಯಭಾರಿಯಾಗಿ ಬಂದ ಕಾರ್ನಿಯಾಡೀಸ್ ರೋಮಿನ ತರುಣರ ಮುಂದೆ ಒಂದು ದಿನ ನ್ಯಾಯದ ಪರವಾಗಿ, ಮರುದಿನ ಅದರ ವಿರುದ್ಧವಾಗಿ ಮಾತಾಡಿದನಂತೆ. ಹಿರಿಯ ಕೇಟೋ ಗಾಬರಿಬಿದ್ದು, ಇವರನ್ನು ಬೇಗ ಊರಿಗೆ ಕಳಿಸಿರೆಂದು ಗಂಟುಬಿದ್ದ. ನಮ್ಮ ಹಳ್ಳಿಯವರು ಕೇಟೋನಿಗಿಂತ ಗಟ್ಟಿ. ಯಾರೂ ಕೊನೆಗೂ ಗೆಲ್ಲದ ಈ ವ್ಯಾಜ್ಯವನ್ನು ವರ್ಷ ವರ್ಷ ಅಕ್ಕಿ, ಜೋಳ, ಎಣ್ಣೆ ಕೂಡಿಸಿ ಕರೆಸಿ ಕೇಳಿದರು. ಬೆಳಗಾಗುತ್ತಲೇ ಶಿವ-ಶಕ್ತಿ ಒಂದೇ ಎಂದು ಕೂಡಿಸಿ ಮಂಗಳ ಹಾಡಿದರೆ, ಎರಡೂ ಮೇಳ ಒಂದೇ ಪಂಕ್ತಿಯಲ್ಲಿ ಕೂತು ಉಪ್ಪಿಟ್ಟು ತಿನ್ನುತ್ತಿದ್ದವು.

ಎಲ್ಲ ಚಂದವಾಗಿತ್ತು ಎನ್ನಲಾರೆ. ನಡುರಾತ್ರಿ ದಾಟಿದ ಮೇಲೆ ಮಾತು ಪುರಾಣ ಬಿಟ್ಟು ಪೋಲಿಯಾಗುತ್ತಿತ್ತು. ಹೆಂಗಸರು ಚಾಪೆ ಸುತ್ತಿಕೊಂಡು ಎದ್ದು ಹೋಗುತ್ತಿದ್ದರು. ನಾಗೇಶಿ ಹಾಡುವ ಹೆಣ್ಣುಮಕ್ಕಳನ್ನು ರಾತ್ರಿ ಹೊಗಳಿದ ಬಾಯಿಯೇ ಹಗಲು ಹಗುರವಾಗಿ ಆಡುತ್ತಿತ್ತು. ತಮ್ಮ ಮಗಳಿಗೆ ದಪ್ಪು ಕೊಡದೆ ಪುಸ್ತಕ ಕೊಟ್ಟ ತಾಯಂದಿರನ್ನು ನಾನಂತೂ ತಪ್ಪೆನ್ನುವುದಿಲ್ಲ.

ಹಾಗಾದರೆ ಕಳೆದದ್ದು ಯಾತರಿಂದ? ಟಿವಿ, ಆರ್ಕೆಸ್ಟ್ರಾ, ಡಿಜೆ ಎಂದು ಎಲ್ಲರೂ ಹೇಳುತ್ತಾರೆ, ಸುಳ್ಳಲ್ಲ. ಆದರೆ ರೋಮಿನ ಇತಿಹಾಸಕಾರ ಟ್ಯಾಸಿಟಸ್ ಬರೆದ ಒಂದು ಸಂವಾದ ನನಗೆ ಇನ್ನೂ ಹತ್ತಿರದ ಕಾರಣ ತೋರಿಸಿತು. ರೋಮಿನಲ್ಲಿ ವಾಗ್ಮಿತೆ ಯಾಕೆ ಬಡವಾಯಿತೆಂದು ಅಲ್ಲಿ ಕೆಲವರು ಚರ್ಚಿಸುತ್ತಾರೆ. ಒಬ್ಬ ಮಕ್ಕಳನ್ನು ಬೆಳೆಸುವ ರೀತಿ, ಕಲಿಸುವ ಗುರುಗಳು ಕೆಟ್ಟರೆನ್ನುತ್ತಾನೆ. ಇನ್ನೊಬ್ಬನ ಉತ್ತರ ಬೇರೆ: ಎಲ್ಲವನ್ನೂ ಒಬ್ಬನೇ ತೀರ್ಮಾನಿಸುವ ರಾಜ್ಯದಲ್ಲಿ ಯಾರನ್ನು ಒಪ್ಪಿಸಲು ಮಾತಾಡಬೇಕು? ನಮ್ಮ ಗೀಗೀಗೂ ಅದೇ ಆಗಿದೆ. ಹಾಡಬೇಕಾದ ವಿಷಯ ಮೊದಲೇ ಗೊತ್ತುಮಾಡಿ ಕೈಗೆ ಕೊಟ್ಟಿರುತ್ತಾರೆ, ವೇಳೆ ಅರ್ಧ ತಾಸು. ಶೌಚಾಲಯ ಬೇಡವೆಂದು ಎದುರಿಗೆ ನಿಂತು ಹಾಡುವವರು ಯಾರು? ಸವಾಲಿಲ್ಲದಲ್ಲಿ ಜವಾಬು ಕಟ್ಟುವ ಬುದ್ಧಿಗೆ ತುಕ್ಕು ಹಿಡಿಯದೆ ಏನು ಮಾಡೀತು?

ಲಾವಣಿಯ ಹಣೆಬರಹ ಇಷ್ಟು ಕೆಟ್ಟದ್ದಲ್ಲ. 19ನೆಯ ಶತಮಾನದಲ್ಲೇ ಜೆ. ಎಫ್. ಫ್ಲೀಟ್ ಎಂಬ ಅಧಿಕಾರಿ ನಮ್ಮ ಕಡೆಯ ಲಾವಣಿಗಳನ್ನು ಕೂಡಿಸಿ ‘ಇಂಡಿಯನ್ ಆಂಟಿಕ್ವೆರಿ’ಯಲ್ಲಿ ಅಚ್ಚು ಹಾಕಿಸಿದ. ಸಂಗೊಳ್ಳಿ ರಾಯಣ್ಣನದು, ಬೈಲಹೊಂಗಲದ ಸಂಗ್ಯಾನದು ಹೀಗೆ ಕಾಗದಕ್ಕೆ ಬಂದವು. ಸವಾಲು-ಜವಾಬು ಹಾಗೆ ಅಚ್ಚಿಗೆ ಒಗ್ಗುವುದಿಲ್ಲ. ಹಾಡಿನ ವಹಿಯಲ್ಲಿ ಒಂದು ಪಕ್ಷದ ಪದಗಳಷ್ಟೇ ಇರುತ್ತವೆ. ಆ ರಾತ್ರಿ ಆ ಕ್ಷಣಕ್ಕೆ ಹುಟ್ಟಿದ ಉತ್ತರ ಹಾಡಿದವರ ಜೊತೆಗೇ ಹೋಗುತ್ತದೆ.

ಗೊಡಚಿ, ಶಿರಸಂಗಿ, ಮುನವಳ್ಳಿ, ಮುರಗೋಡ, ಸಂಗೊಳ್ಳಿಯ ಹಿರಿಯರಲ್ಲಿ, ಜಾತ್ರಾ ಕಮಿಟಿಯವರಲ್ಲಿ ನನ್ನದೊಂದು ಕೇಳಿಕೆ. ಬರುವ ಜಾತ್ರೆಗೆ ಆರ್ಕೆಸ್ಟ್ರಾದ ರೊಕ್ಕದಲ್ಲಿ ಒಂದು ಪಾಲು ತೆಗೆದಿಡಿರಿ. ಕರೆಸುವುದಾದರೆ ಒಂದು ಮೇಳ ಬೇಡ, ಎರಡು ಕರೆಸಿರಿ. ವಿಷಯ ಕೊಡಬೇಡಿರಿ, ಪೂರ್ತಿ ರಾತ್ರಿ ಕೊಡಿರಿ. ಮೊಬೈಲ್ ಹಿಡಿದ ಹುಡುಗರಿಗೆ ಎರಡೂ ಕಡೆಯದನ್ನು ಮುರಿಯದೆ ರೆಕಾರ್ಡ್ ಮಾಡಲು ಹೇಳಿರಿ. ಹಾಡಬಲ್ಲವರು ಇನ್ನೂ ಕೆಲವರಿದ್ದಾರೆ, ಅವರಿಗೂ ವಯಸ್ಸಾಗಿದೆ.