ಅಜ್ಜಿ ಬರೆಯದ ಪುಟ

ದಸರೆಯ ರಜೆಯಲ್ಲಿ ಊರಿಗೆ ಹೋದಾಗ ಅಜ್ಜಿ, “ಯಾರಪ್ಪಾ ನೀನು?” ಎಂದಳು. ನನ್ನನ್ನು ಎತ್ತಿ ಆಡಿಸಿದವಳು! ಎದೆ ಧಸಕ್ಕೆಂದಿತು. ಮರಳಿ ಬಂದು ಕಾಲೇಜಿನ ಪುಸ್ತಕಭಂಡಾರದಲ್ಲಿ ಮರೆವಿನ ವಿಚಾರ ಓದತೊಡಗಿದೆ.

ಅಮೆರಿಕದ ವಿಜ್ಞಾನಿ ಡೇವಿಡ್ ಸ್ನೋಡನ್ 1986ರಲ್ಲಿ ಕ್ರೈಸ್ತ ಸಂನ್ಯಾಸಿನಿಯರ ಮುಪ್ಪನ್ನು ಕುರಿತು ಸಂಶೋಧನೆಗೆ ತೊಡಗಿದರು. 75 ಹಾಗೂ ಮೇಲ್ಪಟ್ಟ ವಯಸ್ಸಿನ 678 ಮಂದಿ ಸೇರಿ, ಸತ್ತ ಮೇಲೆ ತಮ್ಮ ಮಿದುಳನ್ನೂ ಪರೀಕ್ಷೆಗೆ ಕೊಡಲೊಪ್ಪಿದರು. ಅವರಲ್ಲಿ ಕೆಲವರು ಸುಮಾರು 22ರ ಪ್ರಾಯದಲ್ಲಿ ಬರೆದ ಆತ್ಮಕಥನಗಳು ಮಠದಲ್ಲಿ ಉಳಿದಿದ್ದವು. ಅಂದು ಕೆಲವೇ ಮಾತಿನಲ್ಲಿ ಹೆಚ್ಚು ವಿಚಾರ ತುಂಬಿದವರಿಗೆ ಮುಪ್ಪಿನಲ್ಲಿ ಬುದ್ಧಿ ಮಸುಕಾದದ್ದು ಕಡಿಮೆಯೆಂದು 1996ರಲ್ಲಿ ಪ್ರಕಟಿಸಿದರು.

ಓದಿ ಮನಸ್ಸು ಕುಗ್ಗಿತು. ನಮ್ಮ ಮನೆಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವರಲ್ಲಿ ನಾನೇ ಮೊದಲು. 22ರಲ್ಲಿ ಅಜ್ಜಿಯ ಕೈಯಲ್ಲಿದ್ದುದು ಕುಡುಗೋಲು, ಲೇಖನಿಯಲ್ಲ. ಆದರೆ ಅವಳ ಒಗಟುಗಳಲ್ಲಿ ವಿಚಾರಕ್ಕೇನು ಬರವಿತ್ತೆ? ಬರೆದಿಡುವವರಿರಲಿಲ್ಲ, ಅಷ್ಟೆ.

ಸಂಕ್ರಾಂತಿಗೆ ಹೋದಾಗ ನೋಟುಬುಕ್ಕು ಹಿಡಿದು ಅವಳ ಪಕ್ಕ ಕುಳಿತೆ. ನನ್ನ ಹೆಸರು ಮರೆತವಳು ಒಂದರ ಮೇಲೊಂದು ಹನ್ನೊಂದು ಒಗಟು ಹಾಕಿದಳು. ನಾಲ್ಕಕ್ಕೆ ಮಾತ್ರ ನನಗೆ ಉತ್ತರ ಹೊಳೆಯಿತು. “ಇಷ್ಟು ಓದಿ ಏನು ಬಂತಪ್ಪಾ?” ಎಂದು ನಕ್ಕಳು. ತಲೆತಗ್ಗಿಸಿ ಬರೆದುಕೊಂಡೆ.