ಕೊಟ್ಟುದನ್ನು ಹಿಂದೆಗೆಯುವ ವಿಚಾರ

ಕಳೆದ ದೀಪಾವಳಿಯ ರಜೆಯಲ್ಲಿ ಕಾಲೇಜಿನಲ್ಲಿ ಓದುವ ನನ್ನ ಮೊಮ್ಮಗನು ನಾಲ್ವರು ಗೆಳೆಯರೊಡನೆ ನಮ್ಮ ಮನೆಯ ಪಡಸಾಲೆಯಲ್ಲಿ ಒಂದು ಆಟವಾಡುತ್ತಿದ್ದನು. ಇಪ್ಪತ್ತು ಮುಖಗಳ ಒಂದು ದಾಳ, ಕೆಲವು ಕಾಗದಗಳು, ಮಿಕ್ಕುದೆಲ್ಲ ಮಾತು. ಒಬ್ಬನು ಕಥೆಯನ್ನು ನಡೆಸುತ್ತಾನೆ. ಉಳಿದವರು ಪಾತ್ರಗಳಾಗಿ, ನಾನು ಈ ಬಾಗಿಲನ್ನು ತೆರೆಯುತ್ತೇನೆ ಎನ್ನುತ್ತಾರೆ. ತೆರೆಯಿತೋ ಇಲ್ಲವೋ ಎಂಬುದನ್ನು ದಾಳ ನಿರ್ಣಯಿಸುತ್ತದೆ. ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಎಂಬ ಈ ಆಟವನ್ನು 1974ರಲ್ಲಿ ಅಮೆರಿಕದ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಪ್ರಕಟಿಸಿದರು. ಅದರೊಳಗಿನ ಕೊಲೆ ಕಾಳಗಗಳು ನನಗೆ ರುಚಿಸಲಿಲ್ಲ. ಆ ಮಾತು ಇರಲಿ. ಮೊಮ್ಮಗನ ಕೈಯಲ್ಲಿದ್ದ ಪುಸ್ತಕ ಮೂಲ ಸಂಸ್ಥೆಯದಾಗಿರದೆ ಬೇರೊಬ್ಬ ಸಣ್ಣ ಪ್ರಕಾಶಕನದಾಗಿತ್ತು. ಅದರ ಕೊನೆಯಲ್ಲಿ ಒಂದು ಪರವಾನಗಿ ಪತ್ರ ಅಚ್ಚಾಗಿತ್ತು. ನಲವತ್ತು ವರ್ಷ ಕರಾರುಗಳನ್ನು ಓದಿದ ಕಣ್ಣು ಅಲ್ಲಿಯೇ ನಿಂತಿತು.

ಆಟದ ಒಡೆತನವು ಮೊದಲು ಟಿಎಸ್‌ಆರ್ ಎಂಬ ಸಂಸ್ಥೆಯದು. ಅದು ದಾವೆಗೆ ಹಿಂಜರಿಯುತ್ತಿರಲಿಲ್ಲ. ಸಂಸ್ಥೆಯಿಂದ ಹೊರಬಂದ ಗೈಗ್ಯಾಕ್ಸರು ಬೇರೊಂದು ಆಟವನ್ನು ರಚಿಸಿದಾಗ 1992ರಲ್ಲಿ ಅವರನ್ನೂ ನ್ಯಾಯಾಲಯಕ್ಕೆ ಎಳೆಯಿತು. 1997ರಲ್ಲಿ ವಿಜರ್ಡ್ಸ್ ಆಫ್ ದಿ ಕೋಸ್ಟ್ ಸಂಸ್ಥೆ ಟಿಎಸ್‌ಆರ್ ಅನ್ನು ಕೊಂಡಿತು. 1999ರಲ್ಲಿ ಅದನ್ನು ಹ್ಯಾಸ್‌ಬ್ರೊ ಕೊಂಡಿತು. 2000ದಲ್ಲಿ ಹೊರಟಿತು ಓಪನ್ ಗೇಮ್ ಲೈಸೆನ್ಸ್ ಎಂಬ ಈ ಪತ್ರ. ಆಟದ ನಿಯಮಗಳ ಸಂಗ್ರಹವನ್ನು ಯಾರು ಬೇಕಾದರೂ ಬಳಸಿ ಪುಸ್ತಕ ಬರೆದು ಮಾರಬಹುದು, ಗೌರವಧನ ಬೇಕಿಲ್ಲ, ಆಟದ ಹೆಸರನ್ನೂ ಕಾಯ್ದಿರಿಸಿದ ಕೆಲವು ಪಾತ್ರಗಳನ್ನೂ ಮಾತ್ರ ಮುಟ್ಟಬಾರದು. ಯಾರ ಯಾರ ಕೃತಿಯಿಂದ ತೆಗೆದುಕೊಂಡಿತೋ ಅವರೆಲ್ಲರ ಹೆಸರನ್ನು ಪತ್ರದ 15ನೆಯ ಕಲಮಿನಲ್ಲಿ ಸಾಲಾಗಿ ಅಚ್ಚು ಮಾಡಬೇಕು. ಇದು ಕೇವಲ ಔದಾರ್ಯವಲ್ಲ. ಸಣ್ಣ ಪುಸ್ತಕಗಳನ್ನು ಇತರರು ಮಾರಿದರೆ ಮೂಲ ಪುಸ್ತಕದ ಗಿರಾಕಿ ಹೆಚ್ಚುತ್ತಾನೆಂಬ ಲೆಕ್ಕವೂ ಅದರಲ್ಲಿತ್ತು. ಲಾಭದ ಲೆಕ್ಕವಿದ್ದ ಮಾತ್ರಕ್ಕೆ ದಾನವು ಕೆಡುವುದೆಂದು ವರ್ತಕನಾದ ನಾನು ಹೇಳಲಾರೆ.

ಇಲ್ಲಿ ಒಂದು ಸೂಕ್ಷ್ಮವಿದೆ. ನಿಯಮಗಳನ್ನು ಕೊಡಲು ಅವು ನಿಜವಾಗಿ ಅವರವೇ? ಈ ಪ್ರಶ್ನೆಗೆ ಉತ್ತರವು ನಮ್ಮ ಲೆಕ್ಕಶಾಸ್ತ್ರದೊಳಗಿನಿಂದಲೇ ಬಂದಿರುವುದನ್ನು ಕಂಡು ಬಿ.ಕಾಂ. ಓದಿದ ನನಗೆ ಸಂತೋಷವಾಯಿತು. ಚಾರ್ಲ್ಸ್ ಸೆಲ್ಡನ್ ಎಂಬಾತನು 1859ರಲ್ಲಿ ಖಾತೆ ಬರೆಯುವ ಹೊಸ ಕ್ರಮವೊಂದನ್ನು ಕುರಿತು ಪುಸ್ತಕ ಪ್ರಕಟಿಸಿದನು. ಬೇಕರ್ ಎಂಬಾತನು ಅದಕ್ಕೆ ಹೋಲುವ ಖಾತೆಪುಸ್ತಕಗಳನ್ನು ಮಾರಿದಾಗ ಸೆಲ್ಡನ್ನನ ವಿಧವೆ ದಾವೆ ಹೂಡಿದಳು. 1879ರಲ್ಲಿ ಅಮೆರಿಕದ ಸರ್ವೋಚ್ಚ ನ್ಯಾಯಾಲಯವು, ಪುಸ್ತಕದ ವಿವರಣೆಗೆ ಗ್ರಂಥಸ್ವಾಮ್ಯವುಂಟು, ಅದು ವಿವರಿಸುವ ಪದ್ಧತಿಗೆ ಇಲ್ಲ ಎಂದು ತೀರ್ಪಿತ್ತಿತು. ಆಟದ ನಿಯಮವೂ ಒಂದು ಪದ್ಧತಿಯೇ. ಹಾಗಾದರೆ ಪರವಾನಗಿ ಏಕೆ? ಪದ್ಧತಿ ಎಲ್ಲಿ ಮುಗಿದು ಬರವಣಿಗೆ ಎಲ್ಲಿ ಆರಂಭವಾಗುವುದೆಂದು ಗೆರೆ ಎಳೆಯುವುದು ಕಷ್ಟ. ಎಳೆಯಿಸಲು ನ್ಯಾಯಾಲಯಕ್ಕೆ ಹೋಗುವ ಶಕ್ತಿ ಸಣ್ಣ ಪ್ರಕಾಶಕನಿಗಿಲ್ಲ. ಹೀಗೆ ಆ ಪತ್ರವು ಕೊಟ್ಟುದು ನಿಯಮಗಳಿಗಿಂತ ಹೆಚ್ಚಾಗಿ ಅಭಯವನ್ನು. ಆ ಅಭಯವನ್ನು ನಂಬಿ ಅನೇಕರು ಮನೆಮಾರು ನಡೆಸಿದರು. ಪೈಝೋ ಎಂಬ ಸಂಸ್ಥೆ 2009ರಲ್ಲಿ ಪಾತ್‌ಫೈಂಡರ್ ಎಂಬ ಆಟವನ್ನೇ ಅದರ ಮೇಲೆ ಕಟ್ಟಿತು.

2023ರ ಜನವರಿಯಲ್ಲಿ ಹೊಸ ಪತ್ರವೊಂದರ ಕರಡು ಬಯಲಾಯಿತು. ಹಳೆಯದು ಇನ್ನು ಅಧಿಕೃತವಲ್ಲ. ವರ್ಷದ ವರಮಾನ 7,50,000 ಡಾಲರ್ ಮೀರಿದರೆ ಮೀರಿದ ಭಾಗದ ಮೇಲೆ ಶೇಕಡಾ 25 ಸಲ್ಲಬೇಕು. ವರಮಾನದ ಮೇಲೆ ಎಂಬುದನ್ನು ವಾಚಕರು ಗಮನಿಸಬೇಕು, ಲಾಭದ ಮೇಲಲ್ಲ. ಅಚ್ಚಿನ ಖರ್ಚು, ಸಾಗಣೆ, ಅಂಗಡಿಯವನ ಕಮಿಷನ್ ಕಳೆದು ನೂರಕ್ಕೆ ಇಪ್ಪತ್ತೈದು ಉಳಿಸಿಕೊಳ್ಳುವ ಪ್ರಕಾಶಕನನ್ನು ನಾನು ಕಂಡಿಲ್ಲ. ಹಳೆಯ ಪತ್ರದಲ್ಲಿ ಶಾಶ್ವತ ಎಂಬ ಪದವಿತ್ತು; ಹಿಂತೆಗೆಯಲಾಗದ ಎಂಬ ಪದವಿರಲಿಲ್ಲ. 9ನೆಯ ಕಲಮಿನಲ್ಲಿ, ಪತ್ರದ ಯಾವುದೇ ಅಧಿಕೃತ ಆವೃತ್ತಿಯನ್ನು ಬಳಸಬಹುದು ಎಂದಿತ್ತು. ಅಧಿಕೃತ ಎಂಬ ಆ ಒಂದು ಪದವನ್ನು ಹಿಡಿದು ಬಾಗಿಲು ಮುಚ್ಚಲು ಹೊರಟರು. ಪತ್ರವು ಬದಲಾದರೂ ಹಳೆಯದನ್ನೇ ಬಳಸಬಹುದೆಂದು ಸಂಸ್ಥೆಯೇ ಹಿಂದೆ ಪ್ರಶ್ನೋತ್ತರದಲ್ಲಿ ಹೇಳಿತ್ತು.

ನಮ್ಮ ನಾಡಿನ ದಾನಶಾಸನಗಳನ್ನು ಕೆತ್ತಿಸಿದವರು ಈ ವಿಷಯದಲ್ಲಿ ಹೆಚ್ಚು ಜಾಣರು. ಆಚಂದ್ರಾರ್ಕ ಎಂದು ಬರೆದು ಅಷ್ಟಕ್ಕೇ ನಿಲ್ಲಿಸಲಿಲ್ಲ; ಕೊನೆಯಲ್ಲಿ ಶಾಪಾಶಯವನ್ನೂ ಸೇರಿಸಿದರು. ಆ ಶಾಪವು ಪರರ ದಾನವನ್ನು ಅಪಹರಿಸುವವನಿಗೆ ಮಾತ್ರವಲ್ಲ, ತಾನೇ ಕೊಟ್ಟುದನ್ನು ಹಿಂದಕ್ಕೆ ತೆಗೆದುಕೊಳ್ಳುವವನಿಗೂ ತಗಲುತ್ತದೆ. ಕೊಡದುದನ್ನು ತೆಗೆದುಕೊಳ್ಳುವುದು ಅದತ್ತಾದಾನ ಎಂದು ಬಾಲ್ಯದಿಂದ ಕೇಳಿದ್ದೇವೆ. ಕೊಟ್ಟುದು ಒಮ್ಮೆ ಇನ್ನೊಬ್ಬನ ಅನ್ನವಾದ ಬಳಿಕ ಅದು ಕೊಟ್ಟವನ ಪಾಲಿಗೂ ಅದತ್ತವೇ ಅಲ್ಲವೇ?

ಈ ಪ್ರಶ್ನೆಯನ್ನು ನಾನು ಪರರಿಗೆ ಕೇಳುವ ಮೊದಲು ನನ್ನ ಸಂಗತಿಯನ್ನು ಹೇಳಬೇಕು. 1994ರಲ್ಲಿ ನಮ್ಮ ಬಟ್ಟೆ ಅಂಗಡಿಯ ಗುಮಾಸ್ತರೊಬ್ಬರು ತಾಲ್ಲೂಕಿನ ಊರಿನಲ್ಲಿ ಸ್ವಂತ ಅಂಗಡಿ ಇಟ್ಟರು. ನಮ್ಮ ತಂದೆಯವರ ಹೆಸರಿನ ಫಲಕವನ್ನೇ ಹಾಕಿಕೊಳ್ಳಿ, ಗಿರಾಕಿಗಳಿಗೆ ನಂಬಿಕೆ ಬರುತ್ತದೆ ಎಂದು ನಾನೇ ಹೇಳಿದೆನು. ಕಾಗದವೇನೂ ಆಗಲಿಲ್ಲ. 2011ರ ಹೊತ್ತಿಗೆ ಅವರ ವಹಿವಾಟು ನಮ್ಮದನ್ನು ಮೀರಿತ್ತು. ಹೆಸರಿನ ಬಾಬ್ತು ವಹಿವಾಟಿನ ನೂರಕ್ಕೆ ಎರಡು ಕೊಡಬೇಕೆಂದು ಪತ್ರ ಬರೆದೆನು. ನಾನೂ ವಹಿವಾಟಿನ ಮೇಲೆಯೇ ಕೇಳಿದ್ದೆನು. ನಾನು ಕೊಟ್ಟುದು ಹೆಸರನ್ನು, ಪದ್ಧತಿಯನ್ನಲ್ಲ. ಕಾನೂನು ಬಲ್ಲವರು ನನ್ನ ಪಕ್ಷವನ್ನು ಹಿಡಿಯಬಹುದು.

ಅವರು ವಾರದೊಳಗೆ ಬಂದು ಗಾದಿಯ ಅಂಚಿನಲ್ಲಿ ಕುಳಿತು, "ಸಾಹುಕಾರರೇ, ಕೊಟ್ಟವರು ನೀವು, ಕೇಳುವವರೂ ನೀವು, ನನ್ನದೇನೂ ತಕರಾರಿಲ್ಲ" ಎಂದು ನುಡಿದು ಚಹ ಕುಡಿದು ಹೋದರು. ಹಣ ಬರಲಿಲ್ಲ. ತಿಂಗಳೊಳಗೆ ಫಲಕ ಇಳಿಯಿತು.

ಅಮೆರಿಕದಲ್ಲಿಯೂ ಹಾಗೆಯೇ ಆಯಿತು. ಪ್ರಕಾಶಕರೂ ಆಟಗಾರರೂ ದೊಡ್ಡ ದನಿಯಲ್ಲಿ ಪ್ರತಿಭಟಿಸಿದರು. 2023ರ ಜನವರಿ 27ರಂದು ಸಂಸ್ಥೆಯು ಹಳೆಯ ಪತ್ರವನ್ನು ಹಾಗೆಯೇ ಉಳಿಸಿತು. ಸುಮಾರು 400 ಪುಟಗಳ ನಿಯಮಸಂಗ್ರಹವನ್ನು ಕ್ರಿಯೇಟಿವ್ ಕಾಮನ್ಸ್ ಎಂಬ ಸಾರ್ವಜನಿಕ ಪರವಾನಗಿಯ ಅಡಿಯಲ್ಲಿಯೂ ಬಿಟ್ಟುಕೊಟ್ಟಿತು. ಅದರಲ್ಲಿ ಹಿಂತೆಗೆಯಲಾಗದ ಎಂಬ ಪದ ಸ್ಪಷ್ಟವಾಗಿದೆ. 2025ರಲ್ಲಿ ಪರಿಷ್ಕೃತ ನಿಯಮಗಳನ್ನೂ ಹಾಗೆಯೇ ಕೊಟ್ಟಿತು. ಆದರೂ ಪೈಝೋ ಹಿಂದಿರುಗಲಿಲ್ಲ. ಯಾವ ಒಬ್ಬ ಪ್ರಕಾಶಕನ ಕೈಯಲ್ಲಿಯೂ ಇರದ ಬೇರೊಂದು ಪರವಾನಗಿಯನ್ನು ವಕೀಲರಿಂದ ಬರೆಸಿ, ತನ್ನ ಆಟವನ್ನು ಹೊಸದಾಗಿ ತಿದ್ದಿ ಅದರಡಿಯಲ್ಲಿ ಪ್ರಕಟಿಸಿತು.

ನಾನೂ ಮರುವರ್ಷ ಛಾಪಾ ಕಾಗದದ ಮೇಲೆ, ಹೆಸರನ್ನು ನಿರಂತರವಾಗಿ ಉಚಿತವಾಗಿ ಬಳಸಬಹುದು, ನಾನಾಗಲಿ ನನ್ನ ವಾರಸುದಾರರಾಗಲಿ ಕೇಳತಕ್ಕದ್ದಲ್ಲ ಎಂದು ಬರೆಸಿ ಕಳುಹಿಸಿದೆನು. ಅದು ಒಂದು ಡಬ್ಬಿ ಪೇಡೆಯೊಡನೆ ಹಿಂದಕ್ಕೆ ಬಂದಿತು. ಈಗಲೂ ನನ್ನ ಕಪಾಟಿನಲ್ಲಿದೆ. ಮೊನ್ನೆ ಆ ಊರಿಗೆ ಮದುವೆಗೆಂದು ಹೋದಾಗ ಅವರ ಅಂಗಡಿಯ ಮುಂದೆಯೇ ಹಾದುಹೋಗಬೇಕಾಯಿತು. ಫಲಕದ ಮೇಲೆ ಅವರ ತಾಯಿಯ ಹೆಸರಿತ್ತು.