'ನಂಬು' ಎಂಬ ಕ್ರಿಯಾಪದ

ಮಂಗಳೂರಿನ ಬಾಸೆಲ್ ಮಿಷನ್ ಪರಂಪರೆಯ ಮನೆಯಲ್ಲಿ ಬೆಳೆದವನು ನಾನು. ವಿಶ್ವಾಸಪ್ರಮಾಣವನ್ನು ಸಭೆಯೊಡನೆ ಹೇಳುವಾಗ, ಕನ್ಯಾಜನನದ ಸಾಲಿನಲ್ಲಿ ಬಹುಕಾಲ ಮೌನವಾಗಿರುತ್ತಿದ್ದೆ. 'ನಂಬು' ಧಾತುವಿಗೆ ಹೇಳಿಕೆಯೂ ಕರ್ಮವಾಗಬಹುದು, ವ್ಯಕ್ತಿಯೂ ಆಗಬಹುದು. ನಿತ್ಯದ ಮಾತಿನಲ್ಲಿ ನಾವು ಹೆಚ್ಚಾಗಿ ನಂಬುವುದು ವ್ಯಕ್ತಿಗಳನ್ನೇ ಎಂಬುದು ತರಗತಿಯಲ್ಲಿ ವ್ಯಾಕರಣ ಬೋಧಿಸುವಾಗ ಹೊಳೆಯಿತು. 1862ರ 'ಕಥಾಮಾಲೆ'ಯಲ್ಲಿ ಕ್ರಿಸ್ತಚರಿತೆಗೆ ಈ ನೆಲದ ಛಂದಸ್ಸನ್ನು ತೊಡಿಸಿದ ಕಿಟೆಲ್ಲರ ಧೈರ್ಯವನ್ನು ನೆನೆದರೆ, ನನ್ನ ಸಂದೇಹಕ್ಕೂ ಸಭೆಯಲ್ಲಿ ಎಡೆಯಿರಬಹುದೆನಿಸುತ್ತಿತ್ತು. (ಉಪದೇಶಿಗಳು ಒಪ್ಪುವರೆಂದಲ್ಲ.)

ಹಾಸಿಗೆ ಹಿಡಿದಿದ್ದ ಅಮ್ಮನಿಗೆ ಗಂಜಿ ಕುಡಿಸುತ್ತ ಒಂದು ಸಂಜೆ ಇದನ್ನೆಲ್ಲ ಹೇಳಿಬಿಟ್ಟೆ. ವ್ಯಾಕರಣದ ಭಾಗ ಅವರಿಗೆ ರುಚಿಸಲಿಲ್ಲ.

"ಆ ಸಾಲು ನೀನು ಹೇಳುವುದಿಲ್ಲ, ಗೊತ್ತುಂಟು ಮಗಾ. ನಿನ್ನದನ್ನೂ ಸೇರಿಸಿ ನಾನೇ ಹೇಳುತ್ತಿದ್ದೆ."

ಅಮ್ಮ ತೀರಿಕೊಂಡ ಮೇಲೆ ಆ ಸಾಲನ್ನು ನಾನು ಹೇಳುತ್ತಿದ್ದೇನೆ, ಅವರ ಪಾಲಿನದನ್ನು.